ಗಡಿಕಲ್ಲಿನ ಮೇಲೆ ಖಾರ

ಸರಪಳಿ ಹಿಡಿದವನು ನಮ್ಮ ಮುತ್ತಜ್ಜನ ಅಪ್ಪ.
ಕಂಪನಿಯ ಸಾಹೇಬ ಹಿತ್ತಾಳೆ ಕೊಳವೆಗೆ ಕಣ್ಣು ಹಚ್ಚಿ
"ಆಚೆ ಯಾರದು?" ಅಂದನಂತೆ.
"ಯಾರದೂ ಅಲ್ಲ ಖಾವಂದ್" ಅಂದ ಮುನಶಿ.
ಆಚೆ ಕುರಿ ಮೇಯುತ್ತಿದ್ದವು,
ಕುರಿಗಳ ಹಿಂದೆ ಒಬ್ಬ ಮನುಷ್ಯನೂ ಇದ್ದ.

ನಕ್ಷೆಯಲ್ಲಿ ಅವನು ಬರಲಿಲ್ಲ.
ಹಳ್ಳ ಬಂತು, ಒಂಟಿ ಬೇವು ಬಂತು,
ಸುರಪುರದ ಗುಡ್ಡಕ್ಕೆ ಕಂಬಳಿಹುಳದ ಕೂದಲಿನಂತೆ
ಸಣ್ಣ ಸಣ್ಣ ಗೀರು ಬಂದವು.

ಬ್ಯಾಡರ ಸಾಬಣ್ಣ, ದಿನಕ್ಕೆ ಎರಡಾಣೆ,
ಸರಪಳಿ ತನ್ನ ಹೊಲವನ್ನೇ ಸೀಳಿ ಹೋದಾಗಲೂ
ಬಿಗಿಯಾಗಿ ಹಿಡಿದ.
ಸಡಿಲ ಬಿಟ್ಟರೆ ಬೈಗುಳ.
ಸಂಜೆ ಆಣೆ ಎಣಿಸಿಕೊಂಡ.
ನಮ್ಮ ಮನೆಯಲ್ಲಿ ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ.

ಕಡಲಾಚೆ ಅಮೆರಿಕೆಯಲ್ಲೂ
ಇಂಥದೇ ಸರಪಳಿ, ನೂರು ಕೊಂಡಿಯದು,
ಕಾಡು ಸೀಳುತ್ತ ಪಡುವಣಕ್ಕೆ ಹೋಯಿತಂತೆ.
ಅಲ್ಲೂ ಖಾಲಿ ಅಂದರಂತೆ.
ಅಲ್ಲೂ ಇನ್ನೊಂದು ತುದಿ ಹಿಡಿದವ ಯಾರೋ ಇದ್ದಾನು,
ಮನೆಗೆ ಬಂದು ಬಾಯಿ ಬಿಡದವ.

ಆ ಕಲ್ಲು ಈಗ ನಮ್ಮ ಹಿತ್ತಲಲ್ಲಿ.
ಯಾರೋ ಕಿತ್ತು ಮಲಗಿಸಿದ್ದಾರೆ.
ಬಾಣದ ಗುರುತು ಸವೆದು ಕಾಗೆಯ ಕಾಲಾಗಿದೆ.
ಸಾಬಮ್ಮ ದೊಡ್ಡವ್ವ ಅದರ ಮೇಲೆ
ಕೆಂಪು ಮೆಣಸಿನಕಾಯಿ, ಬಳ್ಳೊಳ್ಳಿ, ಉಪ್ಪು ಅರೆಯುತ್ತಾಳೆ.

"ಮೆಣಸಿನಕಾಯಿನೂ ಅಮೆರಿಕಾದಿಂದ ಬಂದದ್ದು, ದೊಡ್ಡವ್ವ."
"ಸುಳ್ಳ ಹೇಳಬ್ಯಾಡ" ಅಂದಳು,
ಬಿಸಿ ರೊಟ್ಟಿಯ ಮೇಲೆ ಹಿಂಡಿ ಹಚ್ಚುತ್ತ.
"ನಮ್ಮ ಹೊಲದಾಗ ಬೆಳದೈತಿ ಇದು."

ಕಲ್ಲಿನ ಯಾವ ಕಡೆಯ ಹೊಲ
ಅಂತ ನಾನು ಕೇಳಲಿಲ್ಲ.
ಖಾರ ಜೋರಾಗಿತ್ತು.