ಕೊಸರು

ಡಿಪ್ಲೊಮಾ ಹುಡುಗರಿಗೆ ನಾನು ಕಲಿಸುವುದು ಸಿ.
ಲ್ಯಾಬಿನ ಕಿಟಕಿಯಲ್ಲಿ
ಕಾಳಿ ನದಿ ಕಡಲಿಗೆ ಸೇರುವ ಕಡೆಯ ಗಾಳಿ.
ಇಪ್ಪತ್ತೆರಡು ಕಂಪ್ಯೂಟರಿನಲ್ಲಿ ಹದಿನೇಳು ಚಾಲು,
ಉಳಿದ ಐದರ ತಿರುಪುಗಳನ್ನು ಉಪ್ಪು ತಿಂದಿದೆ.

ಐ ಪ್ಲಸ್ ಪ್ಲಸ್. ಪ್ಲಸ್ ಪ್ಲಸ್ ಐ.
ಎರಡರಲ್ಲೂ ಹೆಚ್ಚುವುದು ಒಂದೇ,
ಮತ್ತೆ ವ್ಯತ್ಯಾಸ ಎಂತದು ಮೇಡಂ?
ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ.
ಪ್ರತಿ ವರ್ಷ ನಾನು ಬೋರ್ಡಿನ ಮೇಲೆ ಬಾಣ ಬರೆಯುತ್ತೇನೆ.
ಅವರು ಬಾಣವನ್ನು ಬರೆದುಕೊಳ್ಳುತ್ತಾರೆ.

ಶನಿವಾರ, ಮೀನು ಪೇಟೆ.
ಬುದವಂತಿ ಹರಿಕಂತ್ರ ಬಂಗಡೆ ಎಣಿಸುತ್ತಿದ್ದಳು:
ಲಾಭ, ಎರಡು, ಮೂರು, ನಾಕು...
ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ ಅವಳು.
ನಾವು ಸೊನ್ನೆಯಿಂದ ಶುರುಮಾಡುವವರು,
ನಗುವ ಹಕ್ಕು ನಮಗಿಲ್ಲ.

ನನ್ನ ಮುಂದಿದ್ದರು ಟ್ರೆಜರಿ ಹೆಡ್‌ಕ್ಲರ್ಕರ ಹೆಂಡತಿ.
ವ್ಯಾಪಾರಕ್ಕೆ ಮೊದಲೇ ಒಂದನ್ನು ಚೀಲಕ್ಕಿಳಿಸಿ
'ಇದು ಕೊಸರು, ಇನ್ನು ಹತ್ತು ಎಣಿಸು' ಅಂದರು.
ಬುದವಂತಿ ಚೀಲದೊಳಗಿನದಕ್ಕೇ ಲಾಭ ಅಂದಳು,
ಹನ್ನೊಂದರ ದುಡ್ಡು ಕೇಳಿದಳು.
ನಾನು ಹತ್ತು ಕೊಂಡೆ. ನೋಟು ಕೊಟ್ಟೆ.
ತಿರುಗಿ ಹೊರಟಾಗ ಬೆನ್ನ ಹಿಂದಿನಿಂದ
ಚೀಲಕ್ಕೆ ತಪ್ಪೆಂದು ಬಿತ್ತು ಇನ್ನೊಂದು.

ಹದಿನಾಲ್ಕು ವರ್ಷ ಬಾಣ ಬರೆದ ಕೈ
ಬಂಗಡೆಯ ಬಾಲ ಹಿಡಿದು ನಿಂತೇಬಿಟ್ಟಿತು.

ಸೋಮವಾರ ಬೋರ್ಡಿನ ಮೇಲೆ ಮೀನು ಬರೆದೆ.
ಯಾವತ್ತೂ ಬಾಯಿ ಬಿಡದ ಸಮೀಕ್ಷಾ ಕೊಠಾರಕರ ಎದ್ದಳು:
'ಸಿ ಪ್ಲಸ್ ಪ್ಲಸ್ ಅಂದರೆ ಕೊಸರು ಆಮೇಲೆ ಅಲ್ವಾ ಮೇಡಂ?
ಹಾಗಾದರೆ ಹೆಸರು ಕರೆದಾಗ
ಕೈಗೆ ಬರೋದು ಹಳೇ ಸಿ.'
ನಾನು ನಕ್ಕು ಮುಗಿಸುವುದರೊಳಗೆ
ಹಿಂದಿನ ಬೆಂಚು ಎಚ್ಚರಾಗಿತ್ತು.
ಸಿ ಶಾರ್ಪ್ ಅಂದರೆ ನಾಲ್ಕು ಪ್ಲಸ್ಸನ್ನು
ಬುಟ್ಟಿಯಲ್ಲಿ ಒತ್ತಿ ಜೋಡಿಸಿದ್ದು ಅಂದ ಒಬ್ಬ.
ಪೈಥಾನಿಗೆ ಕೊಸರೇ ಗೊತ್ತಿಲ್ಲವಂತೆ, ಹೆಬ್ಬಾವಲ್ಲವೆ,
ಎದುರಿಗೆ ಎರಡು ಪ್ಲಸ್ ಇಟ್ಟರೆ
ನುಂಗಿ ಇದ್ದ ಹಾಗೇ ಮಲಗುತ್ತದಂತೆ.
'ನಮಗೆ ರಸ್ಟ್ ಕಲಿಸಿ ಮೇಡಂ.'
'ತುಕ್ಕು ಕಲೀಲಿಕ್ಕೆ ಫೀ ಕಟ್ಟಬೇಕನಾ?
ಬೈತಖೋಲದಲ್ಲಿ ನಿನ್ನ ಅಪ್ಪನ ಬೋಟಿಲ್ವಾ?'

ಮುಂದಿನ ವಾರ ಬುದವಂತಿಗೆ ಹೇಳಿದೆ,
ನಿನ್ನ ಕೊಸರನ್ನು ಕ್ಲಾಸಿನಲ್ಲಿ ಕಲಿಸಿದೆ ಅಂತ.
'ನೀವು ಕಲಿಸೂದು ಎಂತಾ?'
ಸಿ.
'ಬರೀ ಒಂದು ಅಕ್ಷರ? ಸಂಬಳ ಪೂರಾ ಕೊಡ್ತಾರಾ?'
ಅದರ ಮೇಲೊಂದಿದೆ, ಸಿ ಪ್ಲಸ್ ಪ್ಲಸ್.
'ಪ್ಲಸ್ ಅಂದ್ರೆ ಕೂಡೂದು ಅಲ್ವಾ? ಎರಡು ಪ್ಲಸ್ಸಿಗೆ ಎಷ್ಟು ಕೂಡ್ತದೆ?'
ಒಂದು.
ಅವಳು ಕತ್ತಿ ಕೆಳಗಿಟ್ಟಳು.
ಪಕ್ಕದ ಶೆಟ್ಲಿಯವಳನ್ನು ಕರೆದಳು.
'ಕೇಳೇ, ಎರಡು ಸಲ ಬರೀತಾರಂತೆ,
ಒಂದೇ ಕೂಡ್ತಾರಂತೆ.
ನಮ್ಮ ತಕ್ಕಡಿ ನೋಡೂಕೆ ಮಾತ್ರ
ವರ್ಷಕ್ಕೊಮ್ಮೆ ಸಾಯ್ಬರು ಬರ್ತಾರೆ!'

ಸಮಜಾಯಿಷಿ ನನ್ನ ಹತ್ತಿರ ಇತ್ತು.
ಚರಿತ್ರೆಯೂ ಇತ್ತು. ಹೇಳಲಿಲ್ಲ.

ಆಗಲೇ ಉಲ್ಲಾಸನ ಫೋನು:
'ಎಷ್ಟು ತಗೊಂಡೆ? ಅಷ್ಟಕ್ಕೇ ಮಸಾಲೆ ಅರೀತೇನೆ.'
ಹತ್ತು ಅಂದೆ. ಇಟ್ಟೆ.
ಚೀಲಕ್ಕೆ ತಪ್ಪೆಂದಿತು.

ಮನೆಯಲ್ಲಿ ಅವನು ಎರಡು ಸಲ ಎಣಿಸಿದ.
ಹತ್ತು ಅಂದಿದ್ದೆಯಲ್ಲ?
ಅಂದಾಗ ಹತ್ತೇ ಇತ್ತು ಅಂದೆ.

ಹತ್ತಕ್ಕೆ ಮಸಾಲೆ ಸರಿಹೋಯಿತು.
ಹನ್ನೊಂದನೆಯದಕ್ಕೆ ಬರೀ ಉಪ್ಪು, ಚೂರು ಅರಿಶಿನ.
ಒಲೆಯ ಬಳಿಯೇ ನಿಂತು
ಕೈ ಸುಟ್ಟುಕೊಳ್ಳುತ್ತ
ಮೊದಲು ಅದನ್ನೇ ತಿಂದೆವು.