ಗುಂಡುಪಿನ್ನು

ದುರ್ಗಿಗುಡಿಯ ಅಡ್ಡರಸ್ತೆ, ಜೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ
ನನ್ನ ಬಾಡಿಗೆ ಲೈಬ್ರರಿ.
ಮೂರು ದಿನಕ್ಕೆ ಹತ್ತು ರೂಪಾಯಿ, ತಡವಾದರೆ ದಿನಕ್ಕೆರಡು.
ಅಭಿಪ್ರಾಯ ಪುಕ್ಕಟೆ.

‘ಏಳು ಹಲ್ಲಿನ ಕೋಟೆ’ ಬಂದದ್ದು ಹೋದ ಕಾರ್ತಿಕದಲ್ಲಿ,
ರದ್ದಿಯವನ ತಕ್ಕಡಿಯಿಂದ, ಅರ್ಧ ಕೆಜಿ ತೂಕ.
ರಟ್ಟಿನ ಮೇಲೆ ರೆಕ್ಕೆಯ ಕುದುರೆ, ಅದರ ಬಾಯಲ್ಲಿ
ಯಾರದೋ ಕೈ. ಬೆರಳಿನ ಉಂಗುರ ಹಾಗೇ ಇದೆ.
ಎಲ್ಲಿಡಲಿ? ಮಕ್ಕಳ ಕಪಾಟೋ, ಪತ್ತೇದಾರಿಯೋ?
ಅಡುಗೆ ಪುಸ್ತಕಗಳ ಪಕ್ಕ ಜಾಗ ಖಾಲಿಯಿತ್ತು.

ಮೊದಲು ಒಯ್ದವರು ಮರುಳಸಿದ್ದಪ್ಪ ಮೇಷ್ಟ್ರು.
ಉರುಳಿದ ತಲೆಗಳ ಲೆಕ್ಕ ಅವರಿಟ್ಟಿಲ್ಲ.
ಉರುಳುವಾಗ ಅಲ್ಪಪ್ರಾಣ ಮಹಾಪ್ರಾಣವಾದದ್ದನ್ನು
ಕೆಂಪು ಶಾಯಿಯಲ್ಲಿ ಸುತ್ತಿದ್ದಾರೆ, ನಲವತ್ತೊಂದು ಕಡೆ.
“ಭೂತಕ್ಕೆ ಮೂರು ಬಾಲ ಇದ್ದರೂ ಒಪ್ಪುತ್ತೇನಮ್ಮ,
‘ಭೀಭತ್ಸ’ ಅಂತ ಬರೆದರೆ ಹೇಗೆ ಒಪ್ಪಲಿ?”

ಟೈಲರ್ ದಾದಾಪೀರ್‌ಗೆ ಬೇರೆಯೇ ಸಂಕಟ.
“ರಾಜನಿಗೆ ಹನ್ನೆರಡು ಇರಿತ. ಸರಿ.
ನಿಲುವಂಗಿಗೆ ಒಂದು ತೂತೂ ಇಲ್ಲ ಅಂದ್ರೆ?
ಮಗ ಅದನ್ನೇ ಹಾಕ್ಕೊಂಡು ಪಟ್ಟಕ್ಕೆ ಕೂರ್ತಾನೆ!
ಯಾವ ಬಟ್ಟೆ ಅಂತ ಕೇಳಿ ನೋಡಿ, ಒಂದು ಥಾನು ತರಿಸ್ತೀನಿ.”

ಹೈಸ್ಕೂಲಿನ ಇಂಚರ ನಾಲ್ಕು ಸಲ ಒಯ್ದಳು.
ನೆತ್ತರು ಬಂದಲ್ಲಿ ಕಣ್ಣುಮುಚ್ಚಿ ಪುಟ ತಿರುವಿದಳಂತೆ.
ಅವಳಣ್ಣ ಕುದುರೆ ಬಂದಲ್ಲಿ ತಿರುವಿದ.
ಒಂದೇ ಬಾಡಿಗೆಗೆ ಎರಡು ಕಾದಂಬರಿ ಓದಿದ ಮನೆ
ರಾತ್ರಿ ಊಟಕ್ಕೆ ಕೂತು ಜಗಳವಾಡಿತು:
ಅರಸಿ ಸತ್ತಳಾ, ಹಾರಿಹೋದಳಾ?

ಗುತ್ಯಪ್ಪನಿಗೆ ದೊಡ್ಡಾಸ್ಪತ್ರೆಯ ಶವಾಗಾರದಲ್ಲಿ ಕೆಲಸ.
ಪುಸ್ತಕ ಹಿಂದಿರುಗಿಸುತ್ತ ಮೆಲ್ಲಗೆ ನಕ್ಕ.
“ಬರೆದವರು ನೋಡಿಲ್ಲಕ್ಕ. ನೋಡಿದ್ರೆ ಇಷ್ಟು ಕೆಂಪು ಬರೀತಿರ್ಲಿಲ್ಲ.
ಅದು ಬೇಗ ಕಪ್ಪಾಗ್ತದೆ. ಮತ್ತೆ ವಾಸನೆ,
ಅದರ ಮಾತೇ ಇಲ್ಲ.
ಆದ್ರೂ ಚೆನ್ನಾಗಿದೆ. ದಿನವಿಡೀ ಅಲ್ಲಿದ್ದು ಬಂದವನಿಗೆ
ಎದ್ದು ಕೂತು ಮಾತಾಡೋ ಹೆಣ ಅಂದ್ರೆ
ಒಂಥರಾ ಸಮಾಧಾನ.”

ಹೆರಿಗೆ ವಾರ್ಡಿನ ಫಿಲೋಮಿನಾ ಸಿಸ್ಟರ್,
ರಾತ್ರಿಪಾಳಿ ಮುಗಿಸಿ, ಚಪ್ಪಲಿಯನ್ನೂ ಬಿಡದೆ ಕೇಳಿದರು:
“ಆ ದರ್ಬಾರಿನ ನೆಲ ಒರೆಸಿದ್ದು ಯಾರು?
ಮುನ್ನೂರು ಪುಟ ಸುರೀತಾನೇ ಇದೆ,
ಒಬ್ಬಳೂ ಬಕೆಟ್ ಹಿಡಿದು ಬರಲ್ಲ.
ಬೆಳಿಗ್ಗೆ ಅದೇ ನೆಲದ ಮೇಲೆ ಕುಣಿತ.
ಮಾಟ ಅಂದ್ರೆ ಅದೇ ಇರಬೇಕು, ಕುದುರೆ ಹಾರೋದಲ್ಲ.”

ಇಷ್ಟೆಲ್ಲ ಹೇಳಿದವರು ಯಾರೂ ಹೇಳದ್ದು:
ನೂರನಲವತ್ತೊಂದರಿಂದ ನೂರೈವತ್ತಾರರವರೆಗೆ
ಯಾರೋ ಪುಟಗಳನ್ನು ಸೇರಿಸಿ ಗುಂಡುಪಿನ್ನು ಚುಚ್ಚಿದ್ದಾರೆ.
ಯಾರೋ ತೆಗೆದಿದ್ದಾರೆ. ಮತ್ಯಾರೋ ಮತ್ತೆ ಚುಚ್ಚಿ,
ಸಾಲದೆಂದು ಹಸಿರು ದಾರದಲ್ಲಿ ಎರಡು ಹೊಲಿಗೆ.
(ದಾದಾಪೀರ್, ನಿಮ್ಮ ಹೊಲಿಗೆ ನನಗೆ ಗೊತ್ತು.)
ಅಂಚಿನಲ್ಲಿ ಪೆನ್ಸಿಲ್ಲು: ಓದಬೇಡಿ.
ಕೆಳಗೆ ಇನ್ನೊಂದು ಕೈ: ಯಾಕೆ?
ಅದರ ಕೆಳಗೆ, ಪುಟ್ಟದಾಗಿ: ಇಲ್ಲಿ ಮಗು ಇದೆ.

ಅಂಗಡಿಯ ಬಾಗಿಲು ಅರ್ಧ ಎಳೆದು
ನಿನ್ನೆ ಹೊಲಿಗೆ ಬಿಚ್ಚಿದೆ. ಓದಿದೆ.
ಅದರಲ್ಲಿ ಏನಿತ್ತು ಅನ್ನುವುದನ್ನು
ನಾನೂ ಈಗ ಹೇಳದವರ ಸಾಲಿಗೆ.
ಇಷ್ಟು ಮಾತ್ರ: ಆ ಹದಿನಾರು ಪುಟದಲ್ಲಿ
‘ಭೀಭತ್ಸ’ ಮೂರು ಸಲ ಬರುತ್ತದೆ,
ಮೇಷ್ಟ್ರ ಕೆಂಪು ಸುತ್ತು ಒಂದೂ ಇಲ್ಲ.

ಹಳೆಯ ತೂತುಗಳಲ್ಲೇ ಪಿನ್ನು ತೂರಿಸಿದೆ.
ದಾರ ಸಿಗಲಿಲ್ಲ.

ಆರು ಗಂಟೆಗೆ ಒಬ್ಬ ಹುಡುಗ, ಹೊಸ ಮುಖ,
ಕುದುರೆಯ ಬಾಯಲ್ಲಿದ್ದ ಕೈಯನ್ನು ಬೆರಳಿಂದ ಮುಟ್ಟಿ
“ತುಂಬಾ ಹೆದರಿಕೆ ಆಗ್ತದಾ?” ಅಂದ.

“ಹತ್ತು ರೂಪಾಯಿ,” ಅಂದೆ.