ಒಳಜೇಬು

ಚೌಕಿಪೇಟೆಯ ಹಿಂದಿನ ಸಂದಿಯಲ್ಲಿ ನನ್ನ ಮಿಷನ್ನು,
ನೆತ್ತಿಯ ಮೇಲೆ ಡ್ಯಾನ್ಸ್ ಕ್ಲಾಸು.
ಅವರು ಕುಣಿದರೆ ನನ್ನ ಸೂಜಿಡಬ್ಬಿ ನಡುಗುತ್ತದೆ.

ಒಂದು ದಿನ ಆರು ಹುಡುಗರು ಇಳಿದು ಬಂದರು,
ಚೀಟಿ ಕೀಳದ ಹೊಸ ಪ್ಯಾಂಟು ಹಿಡಿದು.
"ಅಕ್ಕಾ, ಮೊಣಕಾಲ ಹತ್ರ ಹರೀಬೇಕು,
ಪಿಚ್ಚರ್‌ನಾಗೆ ಹೀರೋಂದು ಹರಿದಿತ್ತಲ್ಲ, ಹಂಗೆ."
ಮೊಬೈಲಿನಲ್ಲಿ ತೋರಿಸಿದರು. ಬಡವನಂತೆ ಅವನು.
ಬೂಟು ಮಾತ್ರ ಹಾಲಿನಂತೆ ಬೆಳ್ಳಗೆ.

ಮಿಲ್ಲಿಗೆ ಹೋಗುತ್ತಿದ್ದ ನಮ್ಮಪ್ಪನದು
ಮೊಣಕಾಲಲ್ಲಿ ಹರಿಯುತ್ತಿರಲಿಲ್ಲ, ಕುಂಡೆಯಲ್ಲಿ.
ಅಲ್ಲಿ ಹರಿದರೆ ಸ್ಟೈಲಾಗುವುದಿಲ್ಲ.

ಬ್ಲೇಡಿನಿಂದ ಸೀಳಿದೆ, ಉಪ್ಪುಕಾಗದದಲ್ಲಿ ಉಜ್ಜಿದೆ.
ಹರಿದದ್ದಕ್ಕೆ ಎಂಬತ್ತು ರೂಪಾಯಿ, ಮರುಮಾತಿಲ್ಲ.
ತೇಪೆಗೆ ಇಪ್ಪತ್ತೇ, ಅದಕ್ಕೂ ಚೌಕಾಸಿ.

ಭಾನುವಾರ ಜೈತುನ್‌ಬಿ ಜೊತೆ ನಾನೂ ಹೋಗಿ ನೋಡಿದೆ.
ಹೀರೋಯಿನ್ನು ಮುಸುರೆ ತಿಕ್ಕುವವಳಂತೆ.
ಒಂದೇ ಒಂದು ತಪ್ಪಲೆ ತಿಕ್ಕಿದಳು, ಉಗುರಿನ ಬಣ್ಣ ಕೆಡಲಿಲ್ಲ,
ಆಮೇಲೆ ಒಂದು ಹಾಡಿಗೆ ಏಳು ಲಂಗ.
ನಾನು ನೆರಿಗೆ ಎಣಿಸುತ್ತಿದ್ದೆ.
ಇಂಟರ್ವಲ್ಲಿನಲ್ಲಿ ಮಂಡಕ್ಕಿ ಮುಕ್ಕುತ್ತ ಜೈತುನ್ ಕೇಳಿದಳು,
"ಇವಳ ಸಂಬಳ ಯಾರ ಕೈಗೆ ಹೋಯ್ತೇ?"
ಗೊತ್ತಿಲ್ಲ. ಕಥೆ ಎಲ್ಲೋ ಇಳಿದು ಹೋಗಿತ್ತು,
ಹರಿಹರದ ಬಸ್ಸಿನಿಂದ ನಿದ್ದೆಗಣ್ಣಲ್ಲಿ ಇಳಿದವನ ಹಾಗೆ.
ಸುಳ್ಳು ಯಾಕೆ, ಅವಳು ತಿರುಗಿದಾಗ
ಸೀಟಿನ ಕೆಳಗೆ ನನ್ನ ಪಾದವೂ ಪೆಡಲು ತುಳಿಯಿತು.

ಆರು ಹುಡುಗರ ನಡುವೆ ಒಬ್ಬಳೇ, ಕರಿಬಸಮ್ಮ.
ಬ್ಯಾನರಿನಲ್ಲಿ 'ಕ್ಯಾರಿ'.
ಹಗಲು ಯಾವುದೋ ಲ್ಯಾಬಿನಲ್ಲಿ ಶೀಷೆ ತೊಳೆಯುತ್ತಾಳೆ,
ಬೆರಳ ಸಂದಿಯಲ್ಲಿ ಬಿಳಿ ಸಿಪ್ಪೆ.
ಅಳತೆಗೆ ನಿಂತರೆ ಮಾಸ್ತರು ಬಾಯಿ ಹಾಕಿದ:
"ಸೊಂಟ ಇನ್ನೆರಡು ಇಂಚು ಇಳಿಸ್ರೀ."
ಹುಡುಗರ ಅಳತೆಗೆ ಅವನು ಬಂದೇ ಇರಲಿಲ್ಲ.

ಅವನು ಮೆಟ್ಟಿಲು ಹತ್ತಿದ ಮೇಲೆ ಅವಳು:
"ಅಕ್ಕಾ, ಒಂದು ಜೇಬು ಇಡ್ತೀರಾ?
ಮುಗಿಯೋದು ಹನ್ನೊಂದಾಗುತ್ತೆ. ಆಟೋ ದುಡ್ಡು, ಬೀಗದಕೈ."
ಏಳು ಲಂಗ ನೆನಪಾದವು. ಒಂದಕ್ಕೂ ಜೇಬಿರಲಿಲ್ಲ.
ಅವಳು ಮನೆಗೆ ಹೋಗುವುದೇ ಇಲ್ಲವೇನೋ.

ಲೈನಿಂಗಿನೊಳಗೆ, ಎಡಕ್ಕೆ, ಎರಡೆಳೆ ಹೊಲಿದೆ.
ಸೊಂಟ ಇಳಿಸಿದ್ದು ಅರ್ಧ ಇಂಚು.
ಮಾಸ್ತರಿಗೆ ಟೇಪು ಓದಲು ಬರುವುದಿಲ್ಲ.

ಗಣಪತಿ ಪೆಂಡಾಲು. ಹರಿದ ಮೊಣಕಾಲುಗಳಿಗೆ ಸಿಳ್ಳೆಯೋ ಸಿಳ್ಳೆ.
ಜನರೇಟರಿನ ಪಕ್ಕ ನಿಂತು ನಾನು ಅವಳನ್ನೇ ನೋಡಿದೆ.
ಕೀಲಿ ಝಣ್ ಎಂದದ್ದು ಕೇಳಿಸಲಿಲ್ಲ, ಸ್ಪೀಕರು ಅಷ್ಟು ಜೋರು.
ಪ್ರತಿ ಸುತ್ತಿನ ಕೊನೆಗೆ ಎಡಗೈ ಮಾತ್ರ
ಇದೆಯೋ ಇಲ್ಲವೋ ಎಂದು ಸೊಂಟ ಮುಟ್ಟಿ ನೋಡುತ್ತಿತ್ತು.

ಜನ ಅದನ್ನು ಸ್ಟೆಪ್ಪು ಅಂದುಕೊಂಡರು.
ಸೋಮವಾರ ನನ್ನ ಸೂಜಿಡಬ್ಬಿ ಮತ್ತೆ ನಡುಗಿತು,
ಮೇಲೆ ಚಿಕ್ಕ ಹುಡುಗಿಯರೆಲ್ಲ ಅದನ್ನೇ ಕಲಿಯುತ್ತಿದ್ದರು.